ಸರ್ಕಾರಿ ಆರ್ಡರ್ ಬರುವವರೆಗೆ ಏನು ಮಾಡುತ್ತೀರಿ?

(ದಾವಣಗೆರೆಯಲ್ಲಿ ಬಿ.ಇಡಿ. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಅಂಕಿ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ "ಖಾಸಗಿ ಶಾಲೆಯೋ, ಸರ್ಕಾರಿ ಶಾಲೆಯೋ" ಅಂತ ಹಾಕಿದ್ದಾರೆ. ಓದಿದ ಕೂಡಲೇ ಚರ್ಚಾಸ್ಪರ್ಧೆ ನೆನಪಾಯಿತು. ಆದರೆ ಇದರಲ್ಲಿ ಚರ್ಚೆಗೆ ಏನಿದೆ ಹೇಳಿ? ನಿಮ್ಮಲ್ಲಿ ಯಾರನ್ನು ಎಬ್ಬಿಸಿ ಕೇಳಿದರೂ ಉತ್ತರ ಒಂದೇ. ನೀವು ಬಾಯಿ ತೆರೆಯುವ ಮೊದಲೇ ನಿಮ್ಮ ಮನೆಯವರು ಹೇಳಿಬಿಡುತ್ತಾರೆ: ಸರ್ಕಾರಿ. ಆದರೆ ಬರುವ ಜೂನ್‌ನಲ್ಲಿ ನಿಮ್ಮಲ್ಲಿ ಹೆಚ್ಚಿನವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದು ಖಾಸಗಿ ಶಾಲೆಯಲ್ಲಿ. ಆಸೆ ಒಂದು ಕಡೆ, ಹಾಜರಿ ಇನ್ನೊಂದು ಕಡೆ. ಈ ನಡುವಿನ ವರ್ಷಗಳ ಬಗ್ಗೆ ಯಾರೂ ನಮಗೆ ಬಿ.ಇಡಿ.ಯಲ್ಲಿ ಹೇಳಿಕೊಡುವುದಿಲ್ಲ. ಅದಕ್ಕೇ ನಾನು ಇವತ್ತು ಅದರ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

ನಾನು ಎರಡೂ ಕಡೆ ಗಣಿತ ಪಾಠ ಮಾಡಿದವಳು. ಮೊದಲು ಖಾಸಗಿ, ಆಮೇಲೆ ಸರ್ಕಾರಿ ಪ್ರೌಢಶಾಲೆ. ಹಾಗಾಗಿ ಯಾವ ಕಡೆಯ ವಕಾಲತ್ತೂ ನನ್ನದಲ್ಲ. ನನ್ನದು ಒಂದೇ ಮಾತು. ಖಾಸಗಿ ಶಾಲೆಯಲ್ಲಿ ಸಂಬಳ ಕಡಿಮೆ ಇರುವುದಕ್ಕೆ ಮ್ಯಾನೇಜ್‌ಮೆಂಟಿನ ದುರಾಸೆ ಒಂದು ಕಾರಣ, ಫೀ ಸರಿಯಾಗಿ ಬಾರದ ಸಣ್ಣ ಶಾಲೆಗಳ ಕಷ್ಟ ಇನ್ನೊಂದು ಕಾರಣ. ಮೂರನೆಯ ಕಾರಣ ನಾವೇ. "ನಾನೇನು ಇಲ್ಲೇ ಇರುವವಳಲ್ಲ, ಸರ್ಕಾರಿ ಆಗುವವರೆಗೆ ತಾನೇ" ಅಂದುಕೊಂಡು ಸೇರುತ್ತೇವೆ. ಹಾಗೆ ಸೇರಿದವರು ನೇಮಕಾತಿ ಆದೇಶ ಕೇಳುವುದಿಲ್ಲ, ಪಿಎಫ್ ಕೇಳುವುದಿಲ್ಲ, ಬೇಸಿಗೆ ರಜೆಯ ಸಂಬಳ ಕೊಡದಿದ್ದರೂ ಸುಮ್ನೆ ಇರುತ್ತೇವೆ. ಎದುರಿಗೆ ಕೂತವರಿಗೂ ಇದು ಚೆನ್ನಾಗಿ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿರುವವರು ಬೆಂಚು ಮುರಿದಿದೆ ಅಂತ ಜಗಳ ಆಡುತ್ತಾರಾ? ಇಲ್ಲ. ಆದರೆ ನಮ್ಮ ಬಸ್ಸು ಏಳೆಂಟು ವರ್ಷ ಬರುವುದೇ ಇಲ್ಲ.

ಇದು ಉತ್ಪ್ರೇಕ್ಷೆ ಅನಿಸಿದರೆ ಇತ್ತೀಚಿನ ಕಥೆ ಕೇಳಿ. 2022ರ ಮಾರ್ಚ್‌ನಲ್ಲಿ 6ರಿಂದ 8ನೇ ತರಗತಿಗೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಕರೆದರು. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಮೇ ತಿಂಗಳಲ್ಲಿ ಪರೀಕ್ಷೆಯೂ ಆಯಿತು. ಅಲ್ಲಿವರೆಗೆ ಎಲ್ಲ ಸರಾಗ. ಆಮೇಲೆ ಮದುವೆಯಾದ ಹೆಣ್ಣುಮಕ್ಕಳು ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೋ ಗಂಡನ ಹೆಸರಿನಲ್ಲಿ ಕೊಡಬೇಕೋ ಅನ್ನುವುದು ಹೈಕೋರ್ಟ್ ಮೆಟ್ಟಿಲು ಹತ್ತಿತು. ಪಟ್ಟಿ ಬದಲಾಯಿತು. ಒಂದು ಪಟ್ಟಿಯಲ್ಲಿ ಹೆಸರಿದ್ದವರು ಇನ್ನೊಂದರಲ್ಲಿ ಇರಲಿಲ್ಲ, ಅವರ ಮನೆಯಲ್ಲಿ ಸಿಹಿ ಹಂಚಿ ಆಗಿತ್ತು. ಕೊನೆಗೆ ಆದೇಶ ಕೈಗೆ ಬರುವ ಹೊತ್ತಿಗೆ 2023 ಮುಗಿಯುತ್ತ ಬಂದಿತ್ತು. ಅದೂ ಹದಿಮೂರು ಸಾವಿರದ ಚಿಲ್ಲರೆ ಜನಕ್ಕೆ. ಉಳಿದ ಹುದ್ದೆ ಹಾಗೇ ಖಾಲಿ.

ಅದಾದ ಮೇಲೆ 2024ರ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಅಂತ ಸರ್ಕಾರ ನಿಲ್ಲಿಸಿತು. ಒಳಮೀಸಲಾತಿ ಬೇಕಾಗಿದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ 2025ರ ಬಹುಪಾಲು ಅದರಲ್ಲೇ ಹೋಯಿತು. ಶಿಕ್ಷಕರಾಗಲು ಬೇಕಾದ ಅರ್ಹತಾ ಪರೀಕ್ಷೆ, ಟಿಇಟಿ ಕೂಡ ಹಾಗೆಯೇ. 2024ರ ಜೂನ್‌ನಲ್ಲಿ ಒಮ್ಮೆ ನಡೆಯಿತು, ಮುಂದಿನದು 2025ರ ಡಿಸೆಂಬರ್‌ನಲ್ಲಿ. ಒಂದು ಸಮಾಧಾನ ಅಂದರೆ ಟಿಇಟಿ ಪ್ರಮಾಣಪತ್ರಕ್ಕೆ ಈಗ ಜೀವನಪೂರ್ತಿ ಮಾನ್ಯತೆ ಇದೆ. ಮೊದಲು ಏಳು ವರ್ಷಕ್ಕೆ ಮುಗಿದುಹೋಗುತ್ತಿತ್ತು. 150 ಅಂಕದ ಪೇಪರ್, ಸಾಮಾನ್ಯ ವರ್ಗಕ್ಕೆ 60 ಪರ್ಸೆಂಟ್ ಬೇಕು. ಒಮ್ಮೆ ಪಾಸಾಗಿ ಇಟ್ಟುಕೊಳ್ಳಿ.

ಇನ್ನು ಸಂಬಳ. ಇದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ. 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗದ ಪರಿಷ್ಕರಣೆ ಬಂದ ಮೇಲೆ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೊಸದಾಗಿ ಸೇರಿದವರ ಮೂಲ ವೇತನವೇ 40 ಸಾವಿರ ದಾಟುತ್ತದೆ. ಅದರ ಮೇಲೆ ಡಿಎ, ಮನೆ ಬಾಡಿಗೆ ಭತ್ಯೆ. ನಮ್ಮ ಊರಿನ ಕಡೆ ಸಾಧಾರಣ ಖಾಸಗಿ ಶಾಲೆಯಲ್ಲಿ ಹೊಸಬರಿಗೆ ಹತ್ತು, ಹನ್ನೆರಡು, ತುಂಬ ಚೆನ್ನಾಗಿ ಡೆಮೊ ಕ್ಲಾಸ್ ಕೊಟ್ಟರೆ ಹದಿನೈದು ಸಾವಿರ. ಬೆಂಗಳೂರಿನ ದೊಡ್ಡ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳು ಇದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತವೆ, ಅಂತರರಾಷ್ಟ್ರೀಯ ಶಾಲೆಗಳಲ್ಲಿ ಸರ್ಕಾರಿ ಸಂಬಳವನ್ನು ಮೀರಿಸಿದವರೂ ಇದ್ದಾರೆ. ಆದರೆ ಅಲ್ಲಿಗೆ ಹೋಗಲು ಇಂಗ್ಲಿಷಿನಲ್ಲಿ ಸಲೀಸಾಗಿ ಪಾಠ ಮಾಡಲು ಬರಬೇಕು. ಆ ಬಾಗಿಲು ನಮ್ಮಂಥ ಊರಿನ ಬಿ.ಇಡಿ. ಮುಗಿಸಿದ ಎಷ್ಟು ಜನಕ್ಕೆ ತೆರೆದಿದೆ ಅನ್ನುವುದು ನಿಮಗೇ ಗೊತ್ತು.

ಸರ್ಕಾರಿ ಶಾಲೆಯೊಳಗೇ ಇನ್ನೊಂದು ಲೋಕ ಇದೆ, ಅತಿಥಿ ಶಿಕ್ಷಕರದ್ದು. ಅದೇ ಮಕ್ಕಳು, ಅದೇ ಬೋರ್ಡು, ಪಕ್ಕದ ಕೊಠಡಿಯ ಕಾಯಂ ಶಿಕ್ಷಕರಿಗಿಂತ ಒಂದು ಪೀರಿಯಡ್ ಕಡಿಮೆ ಇಲ್ಲ. 2025ರ ಬಜೆಟ್‌ನಲ್ಲಿ 2 ಸಾವಿರ ಏರಿಸಿದ ಮೇಲೂ ಗೌರವಧನ ತಿಂಗಳಿಗೆ 12 ಸಾವಿರದ ಆಸುಪಾಸು. ಅದು ಪ್ರತಿ ತಿಂಗಳು ಬರುತ್ತದೆ ಅಂತಲೂ ಇಲ್ಲ. ಇಂಥವರು ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚು. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವುದು ಬೇರೆ, ಸರ್ಕಾರಿ ಶಿಕ್ಷಕರಾಗುವುದು ಬೇರೆ. "ಗೆಸ್ಟ್ ಆಗಿ ಸೇರಿದರೆ ಮುಂದೆ ಕಾಯಂ ಮಾಡ್ತಾರಂತೆ" ಅಂತ ಊರಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ಅದನ್ನು ನಂಬಿಕೊಂಡು ಕೂರಬೇಡಿ.

ಈಗ ಖಾಸಗಿ ಶಾಲೆಯ ಒಳಗೆ ಹೋಗೋಣ. ನನ್ನ ಮೊದಲ ಶಾಲೆಯ ಹೆಸರು ಹೇಳುವುದಿಲ್ಲ. ಅಲ್ಲಿ ಸಂಬಳದ ದಿನ ಆಫೀಸಿನಲ್ಲಿ ಎರಡು ರಿಜಿಸ್ಟರ್ ಇರುತ್ತಿದ್ದವು. ಒಂದು ಇಲಾಖೆಯವರು ಬಂದಾಗ ತೋರಿಸುವುದು, ಅದರಲ್ಲಿ ಸ್ಟಾಂಪ್ ಅಂಟಿಸಿ ದೊಡ್ಡ ಮೊತ್ತಕ್ಕೆ ಸಹಿ. ಇನ್ನೊಂದು ಉದ್ದನೆಯ ನೋಟ್‌ಬುಕ್, ಅದರಲ್ಲಿ ನಿಜವಾಗಿ ಕೈಗೆ ಬಂದ ಮೊತ್ತ. ಮೊದಲ ಸಲ ನಾನು ಕಣ್ಣು ಬಿಟ್ಟು ನೋಡಿದ್ದಕ್ಕೆ ಕ್ಲರ್ಕ್ "ಎಲ್ಲ ಕಡೆ ಹೀಗೇ ಮಿಸ್" ಅಂದರು. ಪಾಪ, ಅವರ ಸಂಬಳವೂ ಅದೇ ನೋಟ್‌ಬುಕ್ಕಿನಲ್ಲೇ ಇತ್ತು. ಈಗ ಬ್ಯಾಂಕಿಗೆ ಹಾಕುತ್ತಾರಲ್ಲ ಅನ್ನಬಹುದು. ಹಾಕುತ್ತಾರೆ. ಹಾಕಿದ ಮೇಲೆ ಅದರಲ್ಲಿ ಇಷ್ಟು ತೆಗೆದು ವಾಪಸ್ ಕೊಡಿ ಅನ್ನುವ ಕಡೆಯೂ ಇದೆ.

ಏಪ್ರಿಲ್ ಬಂತು ಅಂದರೆ ಅಡ್ಮಿಷನ್ ಕ್ಯಾನ್ವಾಸ್. ಇಬ್ಬಿಬ್ಬರು ಶಿಕ್ಷಕಿಯರು ಕೈಯಲ್ಲಿ ಪಾಂಪ್ಲೆಟ್ ಹಿಡಿದು, ಕೊಡೆ ಬಿಚ್ಚಿಕೊಂಡು, ಒಂದೊಂದು ಬಡಾವಣೆ ಹಂಚಿಕೊಂಡು ಮನೆ ಮನೆಗೆ ಹೋಗುವುದು. ಮನೆಯವರು ನೀರು ಕೊಟ್ಟು ಕೂರಿಸಿ ಮೊದಲು ಕೇಳುವುದು ಫೀ ಎಷ್ಟು ಬಿಡುತ್ತೀರಿ ಅಂತ. ಇಷ್ಟು ಅಡ್ಮಿಷನ್ ತಂದರೆ ಮಾತ್ರ ಏಪ್ರಿಲ್, ಮೇ ಸಂಬಳ ಅನ್ನುವ ಶಾಲೆಗಳೂ ಇವೆ. ಇನ್ನು ಫೀ ಬಾಕಿ ಇರುವವರಿಗೆ ಕ್ಲಾಸ್ ಟೀಚರೇ ಫೋನ್ ಮಾಡಬೇಕು. ಬೆಳಿಗ್ಗೆ ಆ ಮಗುವಿಗೆ ಭಿನ್ನರಾಶಿ ಹೇಳಿಕೊಟ್ಟು ಸಂಜೆ ಅದರ ಅಪ್ಪನಿಗೆ ದುಡ್ಡಿಗೆ ಫೋನ್ ಮಾಡುವುದಿದೆಯಲ್ಲ, ಅದು ಬಿ.ಇಡಿ.ಯ ಯಾವ ಪಾಠಯೋಜನೆಯಲ್ಲೂ ಬರುವುದಿಲ್ಲ.

ಹಾಗಂತ ಅಲ್ಲಿ ಕಲಿಯುವುದು ಏನೂ ಇಲ್ಲ ಅಂತಲ್ಲ. ನಾನು ಪಾಠ ಮಾಡಲು ಕಲಿತಿದ್ದೇ ಅಲ್ಲಿ. ಪಾಠಯೋಜನೆ ಬರೆಯದೆ ತರಗತಿಗೆ ಹೋಗುವ ಹಾಗಿರಲಿಲ್ಲ. ಪ್ರತಿ ವಾರ ಟೆಸ್ಟ್, ಪ್ರತಿ ಪೇಪರ್ ತಿದ್ದಿ ಕೊಡಬೇಕು, ಅರ್ಧ ಅಂಕ ಹೆಚ್ಚುಕಡಿಮೆ ಆದರೆ ಮರುದಿನ ಪೋಷಕರು ಗೇಟಿನಲ್ಲಿ. ಒಂದು ಲೆಕ್ಕವನ್ನು ಮೂರು ರೀತಿ ಹೇಳುವ ಅಭ್ಯಾಸ ನನಗೆ ಬಂದದ್ದು ಆ ಭಯದಿಂದಲೇ ಇರಬಹುದು. ಸರ್ಕಾರಿ ಶಾಲೆಗೆ ನೇರವಾಗಿ ಬಂದ ಎಷ್ಟೋ ಒಳ್ಳೆಯ ಶಿಕ್ಷಕರಿದ್ದಾರೆ, ಆದರೆ ಕೆಲವು ವರ್ಷ ಖಾಸಗಿಯಲ್ಲಿ ಬೆವರಿಳಿಸಿ ಬಂದವರು ತರಗತಿಯಲ್ಲಿ ತಕ್ಷಣ ಗೊತ್ತಾಗುತ್ತಾರೆ.

ಸರ್ಕಾರಿ ಕಡೆ ಬಂದರೆ "ನೆಮ್ಮದಿ" ಅಂತ ಬಹಳ ಜನ ಹೇಳುತ್ತಾರೆ. ಕೆಲಸ ಹೋಗುವುದಿಲ್ಲ ಅನ್ನುವ ನೆಮ್ಮದಿ ನಿಜ. ಕೋವಿಡ್ ಹೊತ್ತಿನಲ್ಲಿ ಅದು ಎಷ್ಟು ದೊಡ್ಡದು ಅಂತ ಎಲ್ಲರಿಗೂ ಕಾಣಿಸಿತು. ಖಾಸಗಿ ಶಾಲೆಯ ಶಿಕ್ಷಕರು ತರಕಾರಿ ಮಾರಿದರು, ನರೇಗಾ ಕೆಲಸಕ್ಕೆ ಹೋದರು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಅನುದಾನರಹಿತ ಶಾಲೆಯ ಶಿಕ್ಷಕರಿಗೆ ಒಂದು ಸಲಕ್ಕೆ 5,000 ರೂಪಾಯಿ ನೆರವು ಘೋಷಿಸಿತು. ಆ ಹೊತ್ತಿನಲ್ಲಿ ಸರ್ಕಾರಿ ಶಿಕ್ಷಕರಿಗೆ ಸಂಬಳ ನಿಲ್ಲಲಿಲ್ಲ. ಅವರಿಗೆ ನಿಲ್ಲದ್ದು ಡ್ಯೂಟಿ. ಕೋವಿಡ್ ಕೆಲಸ, ಚುನಾವಣೆ ಕೆಲಸ. ಅದರಲ್ಲಿ ಸೋಂಕು ತಗಲಿ ಜೀವ ಕಳೆದುಕೊಂಡವರೂ ಇದ್ದಾರೆ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅನ್ನುತ್ತದೆ. ಕೇಳಲು ಚೆನ್ನಾಗಿದೆ. 2025ರ ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಮನೆ ಮನೆಗೆ ಹೋದವರು ಯಾರು? ಶಿಕ್ಷಕರೇ. ದಸರಾ ರಜೆ ಅದರಲ್ಲೇ ಹೋಯಿತು. ಸಮೀಕ್ಷೆ ಮುಗಿಯಲಿಲ್ಲ ಅಂತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ರಜೆ ಮುಂದುವರಿಸಿದರು. ವಿದ್ಯುತ್ ಮೀಟರಿನ ಆರ್‌ಆರ್ ನಂಬರ್ ಹಿಡಿದು ಮನೆ ಹುಡುಕುವುದು, ಆ್ಯಪ್ ತೆರೆಯದಿದ್ದರೆ ಜಗಲಿಯ ಮೇಲೆ ಕೂತು ನೆಟ್‌ವರ್ಕ್‌ಗೆ ಕಾಯುವುದು, ಮನೆಯವರು "ಇದೆಲ್ಲ ಯಾಕೆ ಬೇಕು ನಿಮಗೆ" ಅಂದರೆ ಅದಕ್ಕೂ ಉತ್ತರ ಕೊಡುವುದು. ಸಮೀಕ್ಷೆ ಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಖಾಸಗಿಯಲ್ಲಿ ಅಡ್ಮಿಷನ್‌ಗೆ ಮನೆ ಮನೆ, ಸರ್ಕಾರಿಯಲ್ಲಿ ಗಣತಿಗೆ ಮನೆ ಮನೆ. ಚಪ್ಪಲಿ ಸವೆಯುವುದು ಎರಡೂ ಕಡೆ ಇದೆ ಅಂತ ಮಾತ್ರ ಹೇಳುತ್ತಿದ್ದೇನೆ.

ಇನ್ನು ದಿನನಿತ್ಯದ್ದು. ಹಳ್ಳಿಯ ಪ್ರಾಥಮಿಕ ಶಾಲೆಗೆ ಹೋದಿರಿ ಅಂದುಕೊಳ್ಳಿ. 1ರಿಂದ 3ನೇ ತರಗತಿ ಮಕ್ಕಳು ನಲಿ-ಕಲಿ ಅನ್ನುವ ಚಟುವಟಿಕೆ ಪದ್ಧತಿಯಲ್ಲಿ ಒಟ್ಟಿಗೆ ಕೂತಿರುತ್ತಾರೆ. ಬೆಳಿಗ್ಗೆ ಹಾಲಿನ ಪುಡಿ ಎಷ್ಟು ಬಳಸಿದಿರಿ, ಅಕ್ಕಿ ಎಷ್ಟು, ಬೇಳೆ ಎಷ್ಟು, ಎಲ್ಲ ಬರೆಯಬೇಕು. ಮೊಟ್ಟೆಯ ಲೆಕ್ಕ ಇನ್ನೂ ಚಂದ. ಒಂದು ಮೊಟ್ಟೆಗೆ 6 ರೂಪಾಯಿ ಅಂತ ಇಟ್ಟರು, ಬೇಯಿಸುವ ಗ್ಯಾಸ್, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಅದರೊಳಗೇ. ಅಂಗಡಿಯಲ್ಲಿ ಮೊಟ್ಟೆಯೇ ಆರೂವರೆ, ಏಳು ಆದ ದಿನ ಉಳಿದದ್ದು ಮುಖ್ಯ ಶಿಕ್ಷಕರ ಜೇಬಿನಿಂದ. ಆಮೇಲೆ ಎಸ್‌ಎಟಿಎಸ್ ಅನ್ನುವ ಮಕ್ಕಳ ಆನ್‌ಲೈನ್ ದಾಖಲೆಯಲ್ಲಿ ಮಾಹಿತಿ ತುಂಬುವುದು, ಶೂ-ಸಾಕ್ಸ್, ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಸಮಿತಿ) ಸಭೆ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಕಳಿಸಿದ ಗೂಗಲ್ ಫಾರ್ಮ್ "ಇವತ್ತು ಸಂಜೆಯೊಳಗೆ". ಏಕೋಪಾಧ್ಯಾಯ ಶಾಲೆ ಆದರೆ ಮುಗಿಯಿತು, ನೀವು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋದ ದಿನ ಶಾಲೆಯೇ ನಿಮ್ಮ ಜೊತೆ ಹೋದಂತೆ.

ಇನ್ನೊಂದು ವಿಷಯ, ಊರು. ಖಾಸಗಿ ಶಾಲೆ ಮನೆ ಹತ್ತಿರ ಇರುತ್ತದೆ. ಸರ್ಕಾರಿ ಹುದ್ದೆ ಎಲ್ಲಿ ಖಾಲಿ ಇದೆಯೋ ಅಲ್ಲಿ. ವಿಜಯಪುರ, ಬಾಗಲಕೋಟೆ ಕಡೆಯವರು ಮಲೆನಾಡಿನ ಮೂಲೆಯಲ್ಲಿ, ಹಳೆ ಮೈಸೂರಿನ ಹಳ್ಳಿಗಳಲ್ಲಿ ವರ್ಷಗಟ್ಟಲೆ ಇದ್ದಾರೆ. ಗಂಡ ಒಂದು ಜಿಲ್ಲೆ, ಹೆಂಡತಿ ಇನ್ನೊಂದು, ಮಗು ಅಜ್ಜಿ ಮನೆ. ವರ್ಗಾವಣೆಗೆ ಅಂತಲೇ ಕಾಯ್ದೆ ಇದೆ, ಎ, ಬಿ, ಸಿ ವಲಯ, ಕೌನ್ಸೆಲಿಂಗ್, ಪತಿ-ಪತ್ನಿ ಪ್ರಕರಣ ಎಲ್ಲ ಇದೆ. ಆದರೂ ನಮ್ಮ ಸ್ಟಾಫ್ ರೂಮಿನಲ್ಲಿ ಮಕ್ಕಳ ಬಗ್ಗೆ ಆಡಿದ ಮಾತಿಗಿಂತ ವರ್ಗಾವಣೆ ಬಗ್ಗೆ ಆಡಿದ ಮಾತೇ ಜಾಸ್ತಿ ಇರಬೇಕು. ಮದುವೆ ಗೊತ್ತಾಗಿರುವವರು ಇದನ್ನು ಮನೆಯಲ್ಲಿ ಮೊದಲೇ ಮಾತಾಡಿ.

ಪಿಂಚಣಿ ಅಂತ ಕನಸು ಕಾಣುವವರಿಗೂ ಒಂದು ಮಾತು. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರು ಎನ್‌ಪಿಎಸ್‌ಗೆ, ಅಂದರೆ ಸಂಬಳದಿಂದ ದುಡ್ಡು ಹಿಡಿದು ಕಟ್ಟುವ ಹೊಸ ಪಿಂಚಣಿ ಯೋಜನೆಗೆ ಬರುತ್ತಾರೆ. ನಿಮ್ಮ ದೊಡ್ಡಪ್ಪನಿಗೆ ಬರುವ ಪಿಂಚಣಿ ನೋಡಿಕೊಂಡು ನಿಮ್ಮದನ್ನು ಲೆಕ್ಕ ಹಾಕಬೇಡಿ. ಅನುದಾನಿತ ಶಾಲೆಗಳಲ್ಲಿ ಆ ದಿನಾಂಕದ ನಂತರ ಸೇರಿದವರಂತೂ ಪಿಂಚಣಿಗಾಗಿ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಸೇವೆಗೆ ಸೇರಿದ ಮೇಲೆ ಪರೀಕ್ಷೆ ಮುಗಿಯಿತು ಅನ್ನುವ ಹಾಗೂ ಇಲ್ಲ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ, 8ನೇ ತರಗತಿವರೆಗೆ ಪಾಠ ಮಾಡುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಇಪ್ಪತ್ತು ವರ್ಷ ಪಾಠ ಮಾಡಿದವರು ಈಗ ಮಗಳ ಗೈಡ್ ತೆಗೆದುಕೊಂಡು ಓದುತ್ತಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೂ ಸರ್ಕಾರಿ ಸಿಕ್ಕರೆ ಹೋಗಿ. ನಾನೂ ಹೋದವಳೇ. ನನ್ನ ತರಗತಿಯಲ್ಲಿ ಕೂತಿದ್ದ ಮಕ್ಕಳಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಡುವವರು ಯಾರೂ ಇರಲಿಲ್ಲ, ಟ್ಯೂಷನ್ ಇರಲಿಲ್ಲ, ನಾನು ಹೇಳಿದ್ದಷ್ಟೇ ಅವರಿಗೆ ಸಿಕ್ಕ ಗಣಿತ. ಖಾಸಗಿಯಲ್ಲಿ ನಾನು ಸರಿಯಾಗಿ ಹೇಳದಿದ್ದರೂ ಸಂಜೆ ಟ್ಯೂಷನ್‌ನವರು ಸರಿಮಾಡುತ್ತಿದ್ದರು. ಆ ವ್ಯತ್ಯಾಸ ನನಗೆ ಸಂಬಳಕ್ಕಿಂತ ದೊಡ್ಡದಾಗಿ ಕಂಡಿತು. ಎಲ್ಲರಿಗೂ ಹಾಗೆ ಕಾಣಬೇಕು ಅಂತೇನಿಲ್ಲ.

ಆದರೆ ಸಿಗುವವರೆಗೆ? ಅಲ್ಲೇ ನನ್ನ ಒತ್ತಾಯ ಇರುವುದು. ಖಾಸಗಿ ಶಾಲೆಯ ಕೆಲಸವನ್ನೂ ಕೆಲಸ ಅಂತಲೇ ಹಿಡಿಯಿರಿ. ನೇಮಕಾತಿ ಆದೇಶ ಬರಹದಲ್ಲಿ ಕೇಳಿ. ಅಂಕಪಟ್ಟಿಯ ಮೂಲ ಪ್ರತಿ ಕೊಡಬೇಡಿ, ಜೆರಾಕ್ಸ್ ಕೊಡಿ. ಮೂಲ ಪ್ರತಿ ಇಟ್ಟುಕೊಂಡು, ವರ್ಷದ ಮಧ್ಯೆ ಬಿಟ್ಟರೆ ಕೊಡುವುದಿಲ್ಲ ಅನ್ನುವ ಅಭ್ಯಾಸ ಬೇಕಾದಷ್ಟು ಕಡೆ ಇದೆ, ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆದ ದಿನ ಅಳುವುದು ನೀವೇ. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಪಿಎಫ್ ಕಟ್ಟಲೇಬೇಕು. ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರ್ ಬಂತಾ, ದುಡ್ಡು ಬೀಳುತ್ತಿದೆಯಾ ಅಂತ ಮೊಬೈಲಿನಲ್ಲೇ ನೋಡಬಹುದು. ನಿಮ್ಮ ಸಂಬಳದಲ್ಲಿ ಹಿಡಿದುಕೊಂಡು ಅಲ್ಲಿ ಕಟ್ಟದೇ ಇದ್ದರೆ ಅದು ಕಳ್ಳತನ, ಅದಕ್ಕೆ ಬೇರೆ ಹೆಸರಿಲ್ಲ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಶಾಲೆ ಕೊಡಬೇಕಾದ ಇಡುಗಂಟು, ಅದರ ಬಗ್ಗೆ ಶಿಕ್ಷಕರಿಗೇ ಗೊತ್ತಿಲ್ಲ. ಒಂದು ಕಾಲದಲ್ಲಿ ಶಿಕ್ಷಕರಿಗೆ ಆ ಕಾಯ್ದೆ ಅನ್ವಯ ಆಗುವುದಿಲ್ಲ ಅಂತ ಕೋರ್ಟೇ ಹೇಳಿತ್ತು. 2009ರಲ್ಲಿ ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯ ಅಂತ ಮಾಡಿದರು. ಖಾಸಗಿ ಶಾಲೆಗಳು ಅದನ್ನು ಪ್ರಶ್ನೆ ಮಾಡಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಐದು ವರ್ಷ ಸತತ ಸೇವೆ ಆಗಿರಬೇಕು. ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲ ವೇತನ ಮತ್ತು ಡಿಎ ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 20 ಸಾವಿರ ಸಂಬಳ, 12 ವರ್ಷ ಸೇವೆ ಅಂದರೆ 1 ಲಕ್ಷ 38 ಸಾವಿರ ರೂಪಾಯಿ ದಾಟುತ್ತದೆ. ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ ಎಷ್ಟು ಶಿಕ್ಷಕಿಯರು ಈ ದುಡ್ಡನ್ನು ಕೇಳದೆ ಮನೆಗೆ ಹೋಗಿದ್ದಾರೋ! ಪ್ರತಿ ಏಪ್ರಿಲ್‌ನಲ್ಲಿ ತೆಗೆದು ಜೂನ್‌ನಲ್ಲಿ ಮತ್ತೆ ಸೇರಿಸಿಕೊಂಡ ಹಾಗೆ ಕಾಗದ ಮಾಡುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಯಲ್ಲಿದ್ದರೆ ಕರ್ನಾಟಕ ಶಿಕ್ಷಣ ಕಾಯ್ದೆ, 1983 ನಿಮ್ಮ ಕೈಯಲ್ಲಿದೆ. ಅದರ 92ನೇ ಕಲಮಿನ ಪ್ರಕಾರ ವಿಚಾರಣೆ ಮಾಡದೆ ಕೆಲಸದಿಂದ ತೆಗೆಯುವ ಹಾಗಿಲ್ಲ. ತೆಗೆದರೆ 94ನೇ ಕಲಮಿನಡಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. "ನಾಳೆಯಿಂದ ಬರಬೇಡಿ" ಅನ್ನುವ ವಾಟ್ಸ್ಆ್ಯಪ್ ಮೆಸೇಜ್ ಬಂದರೆ ಅದನ್ನು ಡಿಲೀಟ್ ಮಾಡಬೇಡಿ, ಅಷ್ಟೇ ಹೇಳುತ್ತೇನೆ.

ಕಾಯುವುದಕ್ಕೂ ಒಂದು ಗಡಿ ಹಾಕಿಕೊಳ್ಳಿ. ಇಷ್ಟು ವಯಸ್ಸಿನವರೆಗೆ ಪರೀಕ್ಷೆ ಬರೆಯುತ್ತೇನೆ, ಅಷ್ಟರಲ್ಲಿ ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ನವೋದಯ, ಕೇಂದ್ರೀಯ ವಿದ್ಯಾಲಯ ಎಲ್ಲಕ್ಕೂ ಹಾಕುತ್ತೇನೆ, ಆಗದಿದ್ದರೆ ಖಾಸಗಿಯಲ್ಲೇ ಮೇಲೆ ಹೋಗಲು ಬೇಕಾದ್ದನ್ನು ಕಲಿಯುತ್ತೇನೆ ಅಂತ.

ಕೊನೆಗೆ ಪ್ರಶ್ನೆಗಳು ಬಂದವು. ಹಿಂದಿನ ಸಾಲಿನ ಒಬ್ಬ ತಮ್ಮ ಕೇಳಿದ: "ಮೇಡಂ, ಖಾಸಗಿಗೆ ಸೇರಿದರೆ ಓದಲು ಟೈಮ್ ಸಿಗಲ್ಲ. ಒಂದೆರಡು ವರ್ಷ ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಚಿಂಗ್ ತಗೊಂಡು ಓದಿದರೆ?" ಮನೆಯಲ್ಲಿ ದುಡ್ಡಿದ್ದರೆ ಹೋಗಪ್ಪ. ಸಾಲ ಮಾಡಿ ಹೋಗಬೇಡ. ಅಧಿಸೂಚನೆ ಯಾವಾಗ ಬರುತ್ತದೆ ಅಂತ ಸರ್ಕಾರಕ್ಕೇ ಗೊತ್ತಿರುವುದಿಲ್ಲ, ರೂಮ್ ಬಾಡಿಗೆ ಮಾತ್ರ ಪ್ರತಿ ತಿಂಗಳು ಒಂದನೇ ತಾರೀಕು ಬರುತ್ತದೆ. 6ರಿಂದ 10ನೇ ತರಗತಿ ಪುಸ್ತಕವನ್ನು ದಿನಾ ಪಾಠ ಮಾಡುವವನಿಗೆ ಪರೀಕ್ಷೆಯ ಅರ್ಧ ಓದು ಅಲ್ಲೇ ಆಗುತ್ತದೆ.

ಒಬ್ಬ ಹುಡುಗಿ ಎದ್ದು, "ಆರ್ಡರ್ ಕಾಪಿ ಕೇಳಿದರೆ ಕೆಲಸವೇ ಕೊಡಲ್ಲ ಅಂದರೆ ಏನು ಮಾಡೋದು ಮೇಡಂ?" ಅಂದಳು. ಸರಿಯಾದ ಪ್ರಶ್ನೆ. ಯಾವಾಗ ಕೇಳುತ್ತೀಯ ಅನ್ನುವುದು ಮುಖ್ಯ ಕಣಮ್ಮ. ಮೇ ಕೊನೆಯ ವಾರ ಶಾಲೆ ಶುರುವಾಗುವ ಹೊತ್ತಿಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರು ಸಿಗದೆ ಅವರೇ ಒದ್ದಾಡುತ್ತಿರುತ್ತಾರೆ, ಆಗ ಕೇಳು. ಜುಲೈ ದಾಟಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ. ಆದರೂ ಕೊಡಲಿಲ್ಲ, ಕೆಲಸ ಬೇಕೇ ಬೇಕು ಅಂದರೆ ಸೇರಿಕೋ. ಸಂಬಳ ಬ್ಯಾಂಕಿಗೇ ಹಾಕಿಸಿಕೋ, ವೇಳಾಪಟ್ಟಿಯ ಫೋಟೊ, ಐಡಿ ಕಾರ್ಡ್, ಗ್ರೂಪಿನಲ್ಲಿ ಬಂದ ಸುತ್ತೋಲೆ ಎಲ್ಲ ಒಂದು ಕಡೆ ಎತ್ತಿಡು, ನಾಳೆ ಸಾಕ್ಷಿಗೆ ಬೇಕಾಗುತ್ತದೆ. ಕನ್ನಡ, ಸಮಾಜ ವಿಜ್ಞಾನದವರಿಗೆ ಬೇಡಿಕೆ ಕಡಿಮೆ, ಒಬ್ಬರೇ ಹೋಗಿ ಕೇಳಿದರೆ ಬಾಗಿಲು ತೋರಿಸುತ್ತಾರೆ. ನೀವು ಗಣಿತದವರ ಜೊತೆ ಸೇರಿಕೊಂಡು ನಾಲ್ಕೈದು ಜನ ಒಟ್ಟಿಗೆ ಹೋಗಿ.